ಹಸುವಿನ ತೌಡು, ಕುದುರೆಯ ಮೂಳೆ

2021ರ ನವೆಂಬರ್ ತಿಂಗಳು. ಹೆಬ್ಬಾಳಕ್ಕೂ ಆರ್.ಟಿ. ನಗರಕ್ಕೂ ನಡುವಿನ ಒಂದು ಸಣ್ಣ ಸರ್ಕಾರಿ ಪಶು ಚಿಕಿತ್ಸಾಲಯದಲ್ಲಿ ನಾನು ವೈದ್ಯಾಧಿಕಾರಿಯಾಗಿದ್ದೆ. ಸೇವೆಗೆ ಸೇರಿ ಇಪ್ಪತ್ತೊಂಬತ್ತು ವರ್ಷವಾಗಿತ್ತು. ನಿವೃತ್ತಿಗೆ ಇನ್ನೆರಡು ವರ್ಷ. ನಗರದೊಳಗಿನ ಪಶು ಚಿಕಿತ್ಸಾಲಯವೆಂದರೆ ನಾಯಿ, ಬೆಕ್ಕುಗಳ ಆಸ್ಪತ್ರೆ ಎಂದು ಬಹಳ ಜನ ತಿಳಿದಿದ್ದಾರೆ. ನಮ್ಮಲ್ಲಿಗೆ ಬೆಳಗಿನ ಹೊತ್ತು ಹೆಚ್ಚಾಗಿ ಬರುತ್ತಿದ್ದವರು ಹಸು ಸಾಕುವವರು. ಅಪಾರ್ಟ್‌ಮೆಂಟುಗಳ ಬೆನ್ನಿಗೆ, ಮೇಲ್ಸೇತುವೆಯ ಪಕ್ಕದ ಓಣಿಗಳಲ್ಲಿ, ಹಳೆಯ ಊರುಗಳ ಮನೆ ಹಿತ್ತಿಲುಗಳಲ್ಲಿ ಈಗಲೂ ಮೂರು, ಐದು, ಎಂಟು ಹಸುಗಳ ಕೊಟ್ಟಿಗೆಗಳಿವೆ. ಹಾಲು ಕೊಳ್ಳುವವರಿಗೆ ಅವು ಗೊತ್ತು. ಪಕ್ಕದ ಬೀದಿಯವರಿಗೆ ಗೊತ್ತಿರುವುದಿಲ್ಲ.

ಕುದುರೆ ನಮ್ಮಲ್ಲಿಗೆ ಬರುತ್ತಿದ್ದುದು ಅಪರೂಪ. ವರ್ಷಕ್ಕೆ ನಾಲ್ಕೈದು, ಅವೂ ಮದುವೆ ಮೆರವಣಿಗೆಯ ಕುದುರೆಗಳು. ಲಾಳದ ಗಾಯ, ಹೊಟ್ಟೆನೋವು, ಧನುರ್ವಾಯು ಚುಚ್ಚುಮದ್ದು, ಇಷ್ಟಕ್ಕೆ ನನ್ನ ಕುದುರೆ ವೈದ್ಯ ಮುಗಿಯುತ್ತಿತ್ತು. ನಾನು ಹಸುವಿನ ಡಾಕ್ಟರು. ಹಾಗೆ ಹೇಳಿಕೊಳ್ಳಲು ನನಗೆ ಹೆಮ್ಮೆಯೂ ಇತ್ತು.

ಆ ತಿಂಗಳ ಎರಡನೆಯ ವಾರ ಒಂದು ದೂರು ಬಂತು. ಆರ್.ಟಿ. ನಗರದ ಒಂದು ಬೀದಿಯ ನಿವಾಸಿಗಳು ಸಹಿ ಮಾಡಿದ ಪತ್ರ. ತಮ್ಮ ಬೀದಿಯ ಕೊನೆಯಲ್ಲಿ ಕಟ್ಟಿರುವ ಕುದುರೆಯ ಮುಖ ವಿಕಾರವಾಗಿ ಊದಿಕೊಂಡಿದೆ, ಅಂಟುರೋಗವಿರಬಹುದು, ಮಕ್ಕಳು ಓಡಾಡುವ ಜಾಗ, ಕೂಡಲೇ ಕುದುರೆಯನ್ನು ತೆರವು ಮಾಡಿಸಬೇಕು ಎಂದಿತ್ತು. ಕೊರೋನಾದ ಎರಡನೆಯ ಅಲೆ ಮುಗಿದು ಕೆಲವೇ ತಿಂಗಳಾಗಿತ್ತು. ಅಂಟುರೋಗವೆಂಬ ಮಾತಿಗೇ ಜನ ಬೆಚ್ಚುತ್ತಿದ್ದ ಕಾಲ. ಅವರನ್ನು ನಾನು ದೂಷಿಸಲಾರೆ. ಕುದುರೆಗಳಿಗೆ ಗ್ಲಾಂಡರ್ಸ್ ಎಂಬ ಕಾಯಿಲೆಯೊಂದಿದೆ, ಅದು ಮನುಷ್ಯರಿಗೂ ಹರಡುತ್ತದೆ. ಖಚಿತವಾದರೆ ಆ ಕುದುರೆಯನ್ನು ಉಳಿಸಿಕೊಳ್ಳುವಂತಿಲ್ಲ, ನಿಯಮವೇ ಹಾಗಿದೆ. ಹಾಗಾಗಿ ರಕ್ತದ ಮಾದರಿ ತೆಗೆಯುವ ಸಲಕರಣೆ ಚೀಲಕ್ಕೆ ಹಾಕಿಕೊಂಡು ಅದೇ ದಿನ ಹೋದೆ.

ಕುದುರೆಯ ಯಜಮಾನ ಅನ್ವರ್ ಪಾಷಾ ನನಗೆ ಪರಿಚಯದವರು. ಐವತ್ತೈದರ ಆಸುಪಾಸಿನ, ತೆಳ್ಳಗೆ ಉದ್ದಕ್ಕಿದ್ದ ಮನುಷ್ಯ. ಅವರ ತಂದೆ ಯಶವಂತಪುರ ರೈಲ್ವೆ ಸ್ಟೇಷನ್ ಮುಂದೆ ಜಟಕಾ ಓಡಿಸುತ್ತಿದ್ದವರು. ಜಟಕಾ ಹೋಯಿತು, ಕುದುರೆ ಸಾಕುವುದು ಮಾತ್ರ ಉಳಿದುಕೊಂಡಿತು. ಮನೆಯ ಪಕ್ಕದ ಶೀಟಿನ ಲಾಯದಲ್ಲಿ ಇದ್ದದ್ದು ಒಂದೇ ಕುದುರೆ, ಹನ್ನೊಂದು ವರ್ಷದ ಬಿಳಿ ಹೆಣ್ಣು ಕುದುರೆ. ಮರಿಯಾಗಿದ್ದಾಗಲೇ ಸಕ್ಕರೆ ಬತಾಸಿನಂತೆ ಬೆಳ್ಳಗಿತ್ತೆಂದು ಅನ್ವರ್ ಅವರ ಹೆಂಡತಿ ಶಾಹಿದಾ ಅದಕ್ಕೆ ಬತಾಸು ಎಂದು ಹೆಸರಿಟ್ಟಿದ್ದರು. ಮೇವು, ನೀರು, ಮೈ ಉಜ್ಜುವುದು ಎಲ್ಲ ಆಕೆಯದೇ ಕೆಲಸ.

ಹತ್ತಿರ ಹೋಗಿ ಬತಾಸುವಿನ ಮುಖ ನೋಡಿದೆ. ಕಣ್ಣಿನ ಕೆಳಗೆ, ಮೂಗಿನ ಎರಡೂ ಬದಿಯಲ್ಲಿ ಮುಖ ದಪ್ಪಗಾಗಿತ್ತು. ಕುದುರೆಯ ಮುಖಕ್ಕಿರುವ ಚೂಪಾದ ಅಂದವೆಲ್ಲ ಹೋಗಿ ಯಾವುದೋ ಬೇರೆ ಪ್ರಾಣಿಯ ತಲೆ ತಂದು ಜೋಡಿಸಿದಂತಿತ್ತು. ಕೈಯಿಟ್ಟು ಒತ್ತಿದೆ. ಮೆತ್ತಗಿಲ್ಲ, ಬಿಸಿಯಿಲ್ಲ, ನೋವಿಗೆ ತಲೆ ಕೊಡವಲಿಲ್ಲ. ಗಟ್ಟಿ ಮೂಳೆ. ಮೂಗಿನಿಂದ ಸೋರುವಿಕೆಯಿಲ್ಲ, ಹುಣ್ಣಿಲ್ಲ. ಒಂದೇ ಹಲ್ಲು ಕೀವಾಗಿದ್ದರೆ ಒಂದೇ ಕಡೆ ಊದಬೇಕು. ಇಲ್ಲಿ ಎಡ ಬಲ ಅಳತೆ ಹಿಡಿದಂತೆ ಸಮನಾಗಿತ್ತು.

“ನಡೆಸಿ ತೋರಿಸಿ” ಎಂದೆ. ಅನ್ವರ್ ಹಗ್ಗ ಹಿಡಿದು ನಾಲ್ಕು ಹೆಜ್ಜೆ ನಡೆಸಿದರು. ಬತಾಸು ಒಮ್ಮೆ ಮುಂಗಾಲು ಕುಂಟಿತು, ತಿರುಗುವಾಗ ಹಿಂಗಾಲು ಕುಂಟಿತು. ಯಾವ ಕಾಲಿನಲ್ಲೂ ಗಾಯವಿರಲಿಲ್ಲ.

“ಮೇವು ಅಗಿಯೋಕೆ ಕಷ್ಟ ಪಡ್ತಾಳೆ ಡಾಕ್ಟರಮ್ಮ” ಎಂದರು ಶಾಹಿದಾ. “ಬಾಯಿಗೆ ಹಾಕ್ಕೊಂಡಿದ್ದು ಕೆಳಗೆ ಬೀಳುತ್ತೆ. ನಾನು ನೀರಲ್ಲಿ ಕಲಸಿ ಮೆತ್ತಗೆ ಮಾಡಿ ಕೊಡ್ತೀನಿ.”

“ಏನು ಕಲಸಿ ಕೊಡ್ತೀರಿ?”

“ತೌಡು. ಬೆಳಿಗ್ಗೆ ಎರಡು ಕಿಲೋ, ಸಾಯಂಕಾಲ ಎರಡು ಕಿಲೋ. ಒಂಚೂರು ಬೆಲ್ಲ. ಜೊತೆಗೆ ಸೀಮೆ ಹುಲ್ಲು.”

“ಎಷ್ಟು ದಿನದಿಂದ?”

ಅದಕ್ಕೆ ಉತ್ತರ ಕೊಟ್ಟದ್ದು ಅನ್ವರ್. ಮುಖದಲ್ಲಿ ನಿಜವಾದ ಕೃತಜ್ಞತೆಯಿತ್ತು. “ನೀವೇ ಹೇಳಿದ್ರಲ್ಲ ಮೇಡಂ, ಮೊದಲ್ನೇ ಲಾಕ್‌ಡೌನ್‌ನಲ್ಲಿ. ಆಗಿಂದ ಅದೇ. ಸತ್ಯ ಹೇಳ್ತೀನಿ, ನಿಮ್ಮ ಆ ಒಂದು ಮಾತಿನಿಂದ ಇವಳು ಉಳಿದಿದ್ದು.”

 ಆ ದಿನ ನನಗೆ ಚೆನ್ನಾಗಿ ನೆನಪಿತ್ತು.

2020ರ ಮೇ. ಪಶು ಚಿಕಿತ್ಸಾಲಯಗಳು ಅಗತ್ಯ ಸೇವೆಯಾದ್ದರಿಂದ ನಮ್ಮ ಬಾಗಿಲು ತೆರೆದಿತ್ತು. ಹಿಂಡಿ, ಬೂಸಾ ಸಾಗಿಸುವ ಲಾರಿಗಳು ಸರಿಯಾಗಿ ಬರುತ್ತಿರಲಿಲ್ಲ. ಹಸು ಸಾಕುವವರು ಕಂಗಾಲಾಗಿದ್ದರು. ವಿದ್ಯಾರಣ್ಯಪುರದ ಆಚೆಯ ಹಳೆಯ ಊರಿನ ಪಿಳ್ಳಮ್ಮ ಎಂಬ ಹಿರಿಯ ಹೆಂಗಸು ಐದು ಹಸು ಕಟ್ಟಿದ್ದಾಕೆ. ಆ ದಿನ ಆಕೆ ಬಂದು ನಿಂತಿದ್ದರು. ನಾನು ಅಂಗಳದಲ್ಲಿ ಅಂತರ ಕಾಯ್ದುಕೊಂಡು ನಿಂತಿದ್ದ ಏಳೆಂಟು ಜನರಿಗೆ ತೌಡಿನ ಬಗ್ಗೆ ಪಾಠವನ್ನೇ ಮಾಡಿದೆ. ಭತ್ತದ ಮೇಲಿನ ಒರಟು ಹೊಟ್ಟು ಹೋದ ಮೇಲೆ ಅಕ್ಕಿಯನ್ನು ಪಾಲಿಶ್ ಮಾಡುವಾಗ ಉದುರುವ ಕಂದು ಪುಡಿಯೇ ತೌಡು. ಅಕ್ಕಿಯ ಸತ್ವದ ದೊಡ್ಡ ಪಾಲು ಇರುವುದು ಅದರಲ್ಲೇ. ಅಕ್ಕಿ ಗಿರಣಿಗಳು ನಡೆಯುತ್ತಿದ್ದವು, ಹಾಗಾಗಿ ತೌಡು ಸಿಗುತ್ತಿತ್ತು. ಬೂಸಾ ಬದಲು ಅರ್ಧದಷ್ಟು ತೌಡು ಬೆರೆಸಿ, ತಾಜಾ ಇರಲಿ, ಕಮಟು ವಾಸನೆ ಬಂದರೆ ಹಾಕಬೇಡಿ, ಜೊತೆಗೆ ಖನಿಜ ಮಿಶ್ರಣ ಮರೆಯಬೇಡಿ ಎಂದೆ. ಹಸುಗಳ ಮಟ್ಟಿಗೆ ಅದು ಒಳ್ಳೆಯ ಸಲಹೆ. ಇಂದು ಕೇಳಿದರೂ ಅದನ್ನೇ ಹೇಳುತ್ತೇನೆ.

ಗುಂಪಿನ ಹಿಂದೆ ಅನ್ವರ್ ನಿಂತಿದ್ದರು. ಮದುವೆಗಳೆಲ್ಲ ನಿಂತಿದ್ದವು. ಹುರುಳಿ ತರಿಸುವುದು ಅವರಿಂದ ಆಗುತ್ತಿರಲಿಲ್ಲ. “ಮೇಡಂ, ಕುದುರೆಗೂ ಹಾಕಬಹುದಾ?” ಎಂದರು. ನಾನು ಆಗ ಪಿಳ್ಳಮ್ಮನ ಕರುವಿಗೆ ಚುಚ್ಚುಮದ್ದು ಏರಿಸುತ್ತಿದ್ದೆ. ತಲೆ ಎತ್ತದೆ, “ಹಾಕಿ ಹಾಕಿ, ಒಳ್ಳೇದೇ” ಎಂದೆ.

ಆ ಒಂದು ಮಾತು ಹದಿನೆಂಟು ತಿಂಗಳು ದಿನಕ್ಕೆ ಎರಡು ಹೊತ್ತು ಬತಾಸುವಿನ ಬಾಯಿಗೆ ಹೋಗಿತ್ತು.

ಇಲ್ಲಿ ಸ್ವಲ್ಪ ವಿವರಿಸಬೇಕು. ತೌಡಿನಲ್ಲಿ ರಂಜಕ, ಅಂದರೆ ಫಾಸ್ಫರಸ್, ಬಹಳ ಹೆಚ್ಚು. ಕ್ಯಾಲ್ಸಿಯಂ ತೀರಾ ಕಡಿಮೆ. ಕುದುರೆಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧ, ಕ್ಯಾಲ್ಸಿಯಂ ಯಾವಾಗಲೂ ರಂಜಕಕ್ಕಿಂತ ಮುಂದಿರಬೇಕು. ಹಸು ಈ ಏರುಪೇರನ್ನು ತಕ್ಕಮಟ್ಟಿಗೆ ತಾಳಿಕೊಳ್ಳುತ್ತದೆ. ಮೇಲಾಗಿ ಹಸುವಿನವರು ಖನಿಜ ಮಿಶ್ರಣ ಬೆರೆಸುತ್ತಾರೆ. ಕುದುರೆಗೆ ದಿನವೂ ತೌಡೇ ಮುಖ್ಯ ಆಹಾರವಾದರೆ ಅದರ ರಕ್ತಕ್ಕೆ ಕ್ಯಾಲ್ಸಿಯಂ ಸಾಲದೆ ಬರುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೆ ಹೃದಯ ನಡೆಯದು, ಹಾಗಾಗಿ ದೇಹ ತನ್ನ ಮೂಳೆಯನ್ನೇ ಕರಗಿಸಿ ರಕ್ತಕ್ಕೆ ತುಂಬುತ್ತದೆ. ಖಾಲಿಯಾದ ಜಾಗದಲ್ಲಿ ನಾರಿನಂಥ ಅಂಗಾಂಶ ಬೆಳೆಯುತ್ತದೆ. ಮುಖದ ಮೂಳೆಗಳು ದಪ್ಪಗಾಗುತ್ತವೆ, ಹಲ್ಲು ಸಡಿಲವಾಗುತ್ತದೆ, ಕೀಲುಗಳು ನೋಯುತ್ತವೆ. ಇಂಗ್ಲಿಷಿನಲ್ಲಿ ಇದಕ್ಕೆ ಬಿಗ್ ಹೆಡ್ ಎನ್ನುತ್ತಾರೆ, ಬ್ರ್ಯಾನ್ ಡಿಸೀಸ್ ಎಂದೂ ಹೆಸರಿದೆ. ತೌಡಿನ ಕಾಯಿಲೆ. ಕಾಲೇಜಿನಲ್ಲಿ ಒಂದು ಪುಟ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಇಪ್ಪತ್ತೊಂಬತ್ತು ವರ್ಷದಲ್ಲಿ ಒಂದನ್ನೂ ಕಣ್ಣಾರೆ ಕಂಡಿರಲಿಲ್ಲ. ಕಂಡ ಮೊದಲನೆಯದು ನಾನೇ ತರಿಸಿದ್ದು.

ಆ ದಿನ ನಾನು ನಡೆದುಕೊಂಡದ್ದು ಹೇಳಿಕೊಳ್ಳುವಂಥದ್ದಲ್ಲ. ನಿಯಮದಂತೆ ರಕ್ತ ತೆಗೆದೆ. ಅಂಟುರೋಗದಂತೆ ಕಾಣುವುದಿಲ್ಲ ಎಂದು ದೂರು ಕೊಟ್ಟವರಿಗೂ ಹೇಳಿದೆ. ಬರುವ ಭಾನುವಾರ ಯಲಹಂಕದಲ್ಲಿ ಒಂದು ಮದುವೆಗೆ ಒಪ್ಪಿಕೊಂಡಿದ್ದೇನೆ ಎಂದು ಅನ್ವರ್ ಹೇಳಿದಾಗ, “ಇದರ ಮೇಲೆ ಯಾರನ್ನೂ ಕೂರಿಸಬೇಡಿ, ಎಡವಿ ಬಿದ್ದರೆ ಮೂಳೆ ಮುರಿಯುತ್ತೆ” ಎಂದೆ. ತೌಡು ಇವತ್ತಿನಿಂದಲೇ ನಿಲ್ಲಿಸಿ, ಒಣಹುಲ್ಲು ನೆನೆಸಿ ಕೊಡಿ ಎಂದೂ ಹೇಳಿದೆ. ಏಕೆ ಎಂದು ಅವರು ಕೇಳಿದರು. “ಎಕ್ಸ್‌ರೇ ಆಗ್ಲಿ, ಆಮೇಲೆ ಹೇಳ್ತೀನಿ” ಎಂದು ಸ್ಕೂಟರ್ ಹತ್ತಿದೆ.

ಮರುದಿನ ಪರಿಚಯದ ವೈದ್ಯರೊಬ್ಬರು ಎತ್ತಿಕೊಂಡು ಓಡಾಡುವ ಎಕ್ಸ್‌ರೇ ಯಂತ್ರ ತಂದು ಮುಖದ ಚಿತ್ರ ತೆಗೆದರು. ಅದನ್ನು ಹಿಡಿದು ವಿದ್ಯಾರಣ್ಯಪುರದಲ್ಲಿದ್ದ ನನ್ನ ಗುರುಗಳ ಮನೆಗೆ ಹೋದೆ. ಡಾ. ಚಂದ್ರಮೌಳಿ ಅವರಿಗೆ ಆಗ ಎಂಬತ್ತೆರಡು. ಕುದುರೆಗಳ ನಡುವೆಯೇ ಕೆಲಸ ಮಾಡಿ ಮುಗಿಸಿದವರು. ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಬೆಳ್ಳಗೆ ಕಾಣಬೇಕಾದ ಮೂಳೆ ಮಂಜಿನಂತೆ ಮಸುಕಾಗಿತ್ತು, ಹಲ್ಲಿನ ಬೇರಿನ ಸುತ್ತ ಇರಬೇಕಾದ ಬಿಳಿ ಗೆರೆ ಮಾಯವಾಗಿತ್ತು.

“ತೌಡು” ಎಂದರು ಅವರು, ನಾನು ಏನನ್ನೂ ಹೇಳುವ ಮೊದಲೇ. ನಂತರ, “ಹಾಕು ಅಂತ ಯಾರು ಹೇಳಿದ್ದು?”

“ನಾನೇ ಸಾರ್.”

ಅವರು ಚಿತ್ರವನ್ನು ಕೆಳಗಿಟ್ಟರು. “ಅದು ಆ ಮನುಷ್ಯನಿಗೆ ಗೊತ್ತಾ?”

“ನಾನು ಹೇಳಿದ್ದು ಗೊತ್ತು ಸಾರ್. ಅದು ತಪ್ಪು ಅಂತ ಗೊತ್ತಿಲ್ಲ.”

“ಹಾಗಾದ್ರೆ ಅರ್ಧ ಚಿಕಿತ್ಸೆ ಮಾತ್ರ ಮಾಡಿದ್ದೀಯ” ಎಂದರು. ಬೈಯಲಿಲ್ಲ. ಮಗಳನ್ನು ಕರೆದು ನನಗೆ ಕಾಫಿ ಕೊಡಲು ಹೇಳಿದರು. ಮುಂದಿನ ಒಂದು ಗಂಟೆ ಕುದುರೆಯ ಆಹಾರವನ್ನು ಹೇಗೆ ತಿದ್ದಬೇಕೆಂದು ಒಂದೊಂದಾಗಿ ಬರೆಸಿದರು.

ಅಲ್ಲಿಂದ ನೇರ ಆರ್.ಟಿ. ನಗರಕ್ಕೆ ಹೋದೆ. ದಾರಿಯುದ್ದಕ್ಕೂ ಮಾತು ಕೂಡಿಸಿಕೊಂಡೆ. ಲಾಕ್‌ಡೌನ್ ಸಮಯ, ಗಡಿಬಿಡಿ, ಪ್ರಮಾಣ ಕೇಳಲಿಲ್ಲ, ನೀವೂ ಮತ್ತೆ ತೋರಿಸಲಿಲ್ಲ, ಹೀಗೆ. ಲಾಯದ ಮುಂದೆ ನಿಂತಾಗ ಅವು ಯಾವುವೂ ಬಾಯಿಗೆ ಬರಲಿಲ್ಲ.

“ಪಾಷಾ ಅವರೇ, ಬತಾಸುಗೆ ಬಂದಿರೋದು ತೌಡಿನಿಂದ ಬರೋ ಕಾಯಿಲೆ. ಹಸುಗೆ ಒಳ್ಳೇದು, ಕುದುರೆಗೆ ಹೀಗೆ ದಿನಾ ಹಾಕಬಾರದು. ಅವತ್ತು ನಾನು ಯೋಚನೆ ಮಾಡದೆ ಹಾಕಿ ಅಂದೆ. ತಪ್ಪು ನನ್ನದು.”

ಅನ್ವರ್ ಲಾಯದೊಳಗೆ ಹೋಗಿ ನನಗೆ ಬೆನ್ನು ಮಾಡಿ ಬತಾಸುವಿನ ಕುತ್ತಿಗೆಯ ಮೇಲೆ ಕೈಯಿಟ್ಟು ನಿಂತರು. ಬಾಗಿಲಲ್ಲಿದ್ದ ಶಾಹಿದಾ ಅಲ್ಲೇ ಮೆಟ್ಟಿಲ ಮೇಲೆ ಕೂತರು. ತಮ್ಮ ಎರಡೂ ಅಂಗೈಗಳನ್ನು ನೋಡಿಕೊಂಡರು.

“ಹಂಗಾದ್ರೆ ನಾನೇ ಇಷ್ಟು ದಿನ... ಈ ಕೈಯಿಂದ... ಬಿಸಿನೀರು ಹಾಕಿ ಕಲಸಿ ಕಲಸಿ...” ಎಂದರು.

ನಾನು ಆಕೆಯ ಪಕ್ಕ ಕೂತೆ. “ಶಾಹಿದಾ ಅವರೇ, ತಪ್ಪು ನಿಮ್ಮ ಕೈದಲ್ಲ. ನನ್ನ ಬಾಯಿದು. ನೀವು ಅದಕ್ಕೆ ಪ್ರೀತಿಯಿಂದ ಊಟ ಕೊಟ್ಟಿದ್ದೀರಿ. ಏನು ಕೊಡಬೇಕು ಅಂತ ಸರಿಯಾಗಿ ಹೇಳಬೇಕಾಗಿದ್ದೋಳು ನಾನು.”

 ಬೀದಿಯಲ್ಲಿ ತರಕಾರಿ ಗಾಡಿಯವನು ಕೂಗಿಕೊಂಡು ಹೋದ. ಆಮೇಲೆ ಅನ್ವರ್ ಹೊರಗೆ ಬಂದರು. ಕಣ್ಣು ಕೆಂಪಾಗಿತ್ತು. ಬೈಯುತ್ತಾರೆಂದು ನಾನು ಕಾದೆ. ಬೈದಿದ್ದರೆ ನ್ಯಾಯವೇ ಆಗುತ್ತಿತ್ತು. ಅವರು ಕೇಳಿದ್ದು ಬೇರೆ.

“ಮೇಡಂ, ನಾನು ಇನ್ನೂ ನಾಲ್ಕು ಜನಕ್ಕೆ ಹೇಳಿದ್ದೀನಿ.”

“ಏನು ಹೇಳಿದ್ದೀರಿ?”

“ತೌಡು ಹಾಕಿ, ಡಾಕ್ಟರೇ ಹೇಳಿದ್ದಾರೆ ಅಂತ. ಎಲ್ಲಾರ್ದೂ ಅದೇ ಕಷ್ಟ ಇತ್ತಲ್ಲ ಆಗ. ನಾಲ್ಕು ಜನ, ಆರು ಕುದುರೆ.”

ಆ ಮಾತು ಕೇಳಿದಾಗ ನನಗಾದದ್ದನ್ನು ಈಗಲೂ ಸರಿಯಾಗಿ ಬರೆಯಲಾರೆ. ನಾನು ಸುಮ್ಮನಿದ್ದು, ಕಾರಣ ಹೇಳದೆ ಬತಾಸುವಿನ ಮೇವನ್ನಷ್ಟೇ ಬದಲಾಯಿಸಿದ್ದರೆ, ಆ ಆರು ಕುದುರೆಗಳ ವಿಷಯ ನನ್ನ ಕಿವಿಗೆ ಬೀಳುತ್ತಲೇ ಇರಲಿಲ್ಲ. ಹಿಂದಿನ ದಿನ ನಾನು ಹಾಗೆಯೇ ಮಾಡಿ ಹೋಗಿದ್ದೆ. ಗುರುಗಳ ಆ ಒಂದು ಮಾತು ನನ್ನನ್ನು ವಾಪಸು ಕರೆತಂದಿತ್ತು.

“ಫೋನ್ ಮಾಡಿ ನಿಲ್ಲಿಸೋಕೆ ಹೇಳೋಣ್ವಾ?” ಎಂದೆ.

“ಫೋನಲ್ಲಿ ಹೇಳಿದ್ರೆ ಯಾರು ನಂಬ್ತಾರೆ ಮೇಡಂ? ಹಾಕಿ ಅಂದಿದ್ದೂ ನಾನೇ, ಬೇಡ ಅಂತಿರೋದೂ ನಾನೇ. ಹೋಗೋಣ. ನೀವೂ ಬನ್ನಿ.”

ಮರುದಿನ ನನ್ನ ಸ್ಕೂಟರಿನ ಹಿಂದೆ ಅನ್ವರ್ ಕೂತರು. ಎರಡು ದಿನ ನಾವು ಹಾಗೆ ತಿರುಗಿದೆವು. ಯಶವಂತಪುರದ ಕೋಳಿ ಆಹಾರದ ಅಂಗಡಿಯೊಂದರಲ್ಲಿ ಕ್ಯಾಲ್ಸೈಟ್ ಪುಡಿ ಸಿಗುತ್ತದೆ. ಕ್ಯಾಲ್ಸಿಯಂ ತುಂಬಿರುವ ಸುಣ್ಣದ ಕಲ್ಲಿನ ನುಣ್ಣನೆಯ ಪುಡಿ ಅದು, ಮೊಟ್ಟೆಯ ಸಿಪ್ಪೆ ಗಟ್ಟಿಯಾಗಲೆಂದು ಕೋಳಿಗೆ ಬೆರೆಸುತ್ತಾರೆ. ಅದರ ಚೀಲ ಕಾಲ ಬಳಿ ಇಟ್ಟುಕೊಂಡೆವು. ಯಶವಂತಪುರದಲ್ಲೇ ಮೊದಲ ಮನೆ, ಎರಡು ಕುದುರೆ. ಆ ಯಜಮಾನರು ತೌಡಿನ ಜೊತೆ ಹುರುಳಿ, ಒಣಹುಲ್ಲು ಎಲ್ಲ ಕೊಡುತ್ತಿದ್ದುದರಿಂದ ಕುದುರೆಗಳು ಚೆನ್ನಾಗಿಯೇ ಇದ್ದವು. ಹೆಬ್ಬಾಳದ ಕಡೆಯ ಒಂದು ಕುದುರೆಯ ನಡಿಗೆಯಲ್ಲಿ ಬಿಗಿತ ಶುರುವಾಗಿತ್ತು, ಮುಖ ಇನ್ನೂ ಕೆಟ್ಟಿರಲಿಲ್ಲ.

ಯಲಹಂಕದ ಲಾಯ ಖಾಲಿಯಿತ್ತು. ಅಲ್ಲಿದ್ದ ಗಂಡು ಕುದುರೆ ಎರಡು ತಿಂಗಳ ಹಿಂದೆ ಸಮತಟ್ಟಾದ ರಸ್ತೆಯಲ್ಲಿ ಎಡವಿ ಮುಂಗಾಲು ಮುರಿದುಕೊಂಡಿತ್ತಂತೆ. ಉಳಿಸಲಾಗಲಿಲ್ಲ. “ಕಾಲು ಜಾರ್ತು ಅಷ್ಟೇ ಭಾಯ್, ನಸೀಬು” ಎಂದು ಅದರ ಯಜಮಾನ ಅನ್ವರ್‌ಗೆ ಹೇಳಿದ. ಅದು ತೌಡಿನಿಂದಲೇ ಎಂದು ನಾನು ಸಾಬೀತು ಮಾಡಲಾರೆ. ಅಲ್ಲ ಎಂದೂ ಹೇಳಲಾರೆ. ಅವನಿಗೂ ವಿಷಯವನ್ನೆಲ್ಲ ಬಿಡಿಸಿ ಹೇಳಿದೆ. ಅವನು ತಲೆಯಾಡಿಸಿದ, ಕುಡಿಯಲು ನೀರು ಕೊಟ್ಟ. ಆ ಖಾಲಿ ಲಾಯದ ನೆನಪು ನನ್ನ ಜೊತೆಗೇ ಇದೆ.

ಕೊನೆಯದು ಟಿ. ದಾಸರಹಳ್ಳಿ. ಅಲ್ಲಿ ಕೆಂಪರಾಜು ಎಂಬಾತ ಬ್ಯಾಂಡ್‌ಸೆಟ್ ಜೊತೆಗೆ ಎರಡು ಕುದುರೆ ಇಟ್ಟುಕೊಂಡಿದ್ದ. ಒಂದು ಕುದುರೆಯ ಮುಖದಲ್ಲಿ ಎರಡೂ ಕಡೆ ಮೂಳೆ ಸ್ವಲ್ಪ ಎದ್ದಿತ್ತು. ನಾನು ಹೇಳಿದ್ದನ್ನು ಕೇಳಿ ಅವನಿಗೆ ಸಿಟ್ಟು ನೆತ್ತಿಗೇರಿತು.

“ಏನ್ರೀ ಇದು? ಒಂದ್ಸಲ ಆಕಿ ಅಂತೀರ, ಒಂದ್ಸಲ ಬ್ಯಾಡ ಅಂತೀರ. ನಾಳೆ ಬಂದು ಸುಣ್ಣದ ಪುಡೀನೂ ತಪ್ಪು ಅಂತೀರೇನೋ. ನಮ್ ಕುದ್ರೆ ಏನು ನಿಮ್ ಪಾಠಕ್ಕೆ ಇರೋದಾ?”

 ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅನ್ವರ್ ಮುಂದೆ ಬಂದರು.

“ಕೆಂಪರಾಜು, ನನ್ನ ಕುದುರೆ ನಿನ್ನದಕ್ಕಿಂತ ಹಾಳಾಗಿದೆ. ಬೈಯೋದಿದ್ರೆ ನಾನು ಬೈಬೇಕು, ನಾನೇ ಬೈದಿಲ್ಲ. ತಪ್ಪಾಯ್ತು ಅಂತ ಹೇಳೋಕೆ ಬಾಗಿಲವರೆಗೂ ಬಂದ ಡಾಕ್ಟರನ್ನ ನೀನು ಇದುವರೆಗೆ ನೋಡಿದ್ಯಾ? ನಾನಂತೂ ನೋಡಿಲ್ಲ. ಕೇಳ್ಕೋ ಗುರು, ಕುದುರೆ ಉಳಿಯುತ್ತೆ.”

ಕೆಂಪರಾಜು ಗೊಣಗಿಕೊಂಡೇ ಚೀಲ ತೆಗೆದುಕೊಂಡ. ಎಷ್ಟು ಹಾಕಬೇಕು ಎಂದು ಎರಡು ಸಲ ಕೇಳಿ, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡ.

ಔಷಧಕ್ಕಿಂತ ಕಷ್ಟವಾದದ್ದು ಮೇವು. ಸೀಮೆ ಹುಲ್ಲಿನಲ್ಲಿ, ಅಂದರೆ ನೇಪಿಯರ್ ಹುಲ್ಲಿನಲ್ಲಿ, ಇರುವ ಆಕ್ಸಲೇಟ್ ಎಂಬ ಅಂಶ ಕ್ಯಾಲ್ಸಿಯಂ ಅನ್ನು ಕುದುರೆಗೆ ದಕ್ಕದಂತೆ ಕಟ್ಟಿಹಾಕುತ್ತದೆ, ಅದನ್ನೂ ನಿಲ್ಲಿಸಬೇಕಿತ್ತು. ಕ್ಯಾಲ್ಸಿಯಂ ಸಮೃದ್ಧವಾಗಿರುವ ಹಸಿರೆಂದರೆ ಲೂಸರ್ನ್. ನಮ್ಮ ಕಡೆ ಅದಕ್ಕೆ ಕುದುರೆ ಮಸಾಲೆ ಎನ್ನುತ್ತಾರೆ. ಹೆಸರಿನಲ್ಲೇ ಕುದುರೆಯಿದ್ದರೂ ಈಗ ಅದನ್ನು ಬೆಳೆಯುವವರು ಹಸುವಿನವರು. ನನಗೆ ಪಿಳ್ಳಮ್ಮ ನೆನಪಾದರು. ಆಕೆಯ ಗಂಡನ ಮನೆಯವರ ಜಮೀನೆಲ್ಲ ಬಡಾವಣೆಯಾಗಿತ್ತು. ಎರಡು ಅಪಾರ್ಟ್‌ಮೆಂಟಿನ ಸಂದಿಯಲ್ಲಿ ಉಳಿದ ಹತ್ತು ಗುಂಟೆಯಲ್ಲಿ ಆಕೆ ಹಸುಗಳಿಗೆಂದು ಕುದುರೆ ಮಸಾಲೆ ಹಾಕಿದ್ದರು. ಮಕ್ಕಳು ಆ ಜಾಗವನ್ನೂ ಕಟ್ಟಡಕ್ಕೆ ಕೊಡೋಣ ಎಂದರೆ “ನಾನು ಇರೋಗಂಟ ಇರ್ಲಿ” ಎನ್ನುತ್ತಿದ್ದರು.

ಹೋಗಿ ಎಲ್ಲವನ್ನೂ ಹೇಳಿದೆ. ಲಾಕ್‌ಡೌನಿನ ಆ ದಿನ ಅಂಗಳದಲ್ಲಿ ಆಕೆಯೂ ಇದ್ದವರೇ.

“ಅಯ್ಯೋ, ನನ್ ಕರೂಗೆ ಸೂಜಿ ಆಕ್ತಿದ್ರಲ್ಲ, ಆವಾಗ್ಲಾ ಏಳಿದ್ದು? ನನ್ ಅಸಗಳು ತೌಡು ತಿಂದು ದುಂಡಗವೆ ನೋಡಿ ಡಾಕ್ಟ್ರಮ್ಮ” ಎಂದರು. ಮತ್ತೆ, “ಒಂದೊಂದು ವಟ್ಟೆ ಒಂದೊಂದು ಥರ. ಅದುಕ್ಕೇನು ಮಾಡಕಾಯ್ತದೆ. ದಿನಾ ಒಂದು ಒರೆ ಕುಯ್ಕೊಂಡು ಓಗ್ಲಿ ಆ ಸಾಬ್ರು. ಬೇರು ಬಿಟ್ಟು ಕುಯ್ಯಕೇಳಿ, ಇಂಗೆ, ಮತ್ತೆ ಚಿಗುರ್ತದೆ” ಎಂದು ಕುಡುಗೋಲು ಹಿಡಿದು ತೋರಿಸಿದರು.

ಬೆಲೆಯ ಮಾತೇ ಆಕೆ ಎತ್ತಲಿಲ್ಲ. ಅನ್ವರ್ ದಿನವೂ ಬೆಳಿಗ್ಗೆ ಹೋಗಿ ಒಂದು ಹೊರೆ ಕೊಯ್ದು ತರುತ್ತಿದ್ದರು. ವಾರಕ್ಕೊಮ್ಮೆ ಲಾಯದ ಗೊಬ್ಬರವನ್ನು ಆ ಹತ್ತು ಗುಂಟೆಗೆ ಒಯ್ದು ಹಾಕುತ್ತಿದ್ದರು. ರಂಜಾನ್ ತಿಂಗಳಲ್ಲಿ ಅವರು ಉಪವಾಸವಿದ್ದಾರೆಂದು ತಿಳಿದ ಪಿಳ್ಳಮ್ಮ ತಾವೇ ಕೊಯ್ದು ಕಟ್ಟಿ ಇಟ್ಟಿರುತ್ತಿದ್ದರಂತೆ. ಇದು ನನಗೆ ಗೊತ್ತಾದದ್ದು ಶಾಹಿದಾ ಹೇಳಿದ ಮೇಲೆ.

ಗ್ಲಾಂಡರ್ಸ್ ಪರೀಕ್ಷೆಯ ವರದಿ ಬಂತು, ಬತಾಸುವಿಗೆ ಆ ರೋಗವಿರಲಿಲ್ಲ. ದೂರಿನ ಕಡತ ಮುಗಿಸಲು ನಾನು ತಪಾಸಣಾ ವರದಿ ಬರೆಯಬೇಕಿತ್ತು. ಅದರಲ್ಲಿ ಕಾರಣ ಎಂಬ ಒಂದು ಸಾಲು ಇರುತ್ತದೆ. ಅಸಮತೋಲನ ಆಹಾರ ಎಂದಷ್ಟೇ ಬರೆದರೆ ಸುಳ್ಳಾಗುತ್ತಿರಲಿಲ್ಲ. ನಾನು ಅದರ ಮುಂದೆ, ಈ ವೈದ್ಯಾಧಿಕಾರಿ ನೀಡಿದ ಅಪೂರ್ಣ ಸಲಹೆಯ ಮೇರೆಗೆ ಎಂದು ಸೇರಿಸಿದೆ. ನನ್ನ ಮೇಲಧಿಕಾರಿ ಫೋನ್ ಮಾಡಿ, “ಇದನ್ನ ಬರೀಲೇಬೇಕಾ ಮೇಡಂ?” ಎಂದರು. ಬರೆದಿದ್ದೇನೆ ಸಾರ್ ಎಂದೆ. ಅವರು, “ಸರಿ, ಹಾಗಾದ್ರೆ ಎಲ್ಲಾ ಚಿಕಿತ್ಸಾಲಯಕ್ಕೂ ಒಂದು ಸೂಚನೆ ಬರೆದು ಕೊಡಿ, ಕಳಿಸ್ತೀನಿ” ಎಂದರು. ಆ ಔದಾರ್ಯವನ್ನು ನಾನು ನಿರೀಕ್ಷಿಸಿರಲಿಲ್ಲ.

ಬತಾಸು ಬೇಗ ಚೇತರಿಸಿಕೊಳ್ಳಲಿಲ್ಲ. ಮೊದಲ ಮೂರು ವಾರ ಏನೂ ಬದಲಾಗಲಿಲ್ಲ, ಶಾಹಿದಾ ದಿನಾ ನನಗೆ ಒಂದು ವಿಡಿಯೋ ಕಳಿಸುತ್ತಿದ್ದರು. ಆರನೆಯ ವಾರ ಕುಂಟುವುದು ಕಡಿಮೆಯಾಯಿತು. ಮೂರನೆಯ ತಿಂಗಳಲ್ಲಿ ಮೇವು ಬಾಯಿಂದ ಬೀಳುವುದು ನಿಂತಿತು. ಹತ್ತು ತಿಂಗಳ ಮೇಲೆ ತೆಗೆದ ಎಕ್ಸ್‌ರೇಯಲ್ಲಿ ಹಲ್ಲಿನ ಬೇರಿನ ಸುತ್ತ ಆ ಬಿಳಿ ಗೆರೆ ಮತ್ತೆ ಮೂಡಿತ್ತು. ಅದನ್ನು ಗುರುಗಳಿಗೆ ತೋರಿಸಿದೆ. ಅವರು ನೋಡಿ ನಕ್ಕರು, ಬಹಳ ಹೊತ್ತು ಚಿತ್ರವನ್ನು ಕೈಯಲ್ಲೇ ಹಿಡಿದುಕೊಂಡಿದ್ದರು.

ಮುಖ ಮಾತ್ರ ಮೊದಲಿನಂತಾಗಲಿಲ್ಲ. ಕಣ್ಣಿನ ಕೆಳಗಿನ ದಪ್ಪ ಸ್ವಲ್ಪ ಇಳಿದು ಅಲ್ಲೇ ನಿಂತಿತು. ಬತಾಸುವಿನ ಮೇಲೆ ಇನ್ನು ಯಾರನ್ನೂ ಕೂರಿಸುವುದಿಲ್ಲ ಎಂದು ಅನ್ವರ್ ತಾವೇ ತೀರ್ಮಾನಿಸಿದರು. ಮೆರವಣಿಗೆಯಲ್ಲಿ ಅದು ಸಿಂಗಾರ ಮಾಡಿಕೊಂಡು ಮುಂದೆ ನಡೆಯುತ್ತದೆ, ಅನ್ವರ್ ಆಮೇಲೆ ತಂದ ಇನ್ನೊಂದು ಕುದುರೆಯ ಮೇಲೆ ಮದುಮಗನಿರುತ್ತಾನೆ. ಒಂದು ಭಾನುವಾರ ವಿದ್ಯಾರಣ್ಯಪುರದ ಬೀದಿಯಲ್ಲಿ ಹಾಗೆ ಹೋಗುವುದನ್ನು ನಾನೇ ನೋಡಿದೆ. ಬಸ್ಸು ನಿಂತು ದಾರಿ ಬಿಟ್ಟಿತ್ತು. ಬ್ಯಾಂಡಿನವರ ಗದ್ದಲದ ನಡುವೆ ನಾಲ್ಕೂ ಕಾಲು ಸಮನಾಗಿ ಊರಿ ಅದು ನಡೆದುಹೋಯಿತು.

ದಾಸರಹಳ್ಳಿಯ ಕುದುರೆಗಳೂ, ಹೆಬ್ಬಾಳದ್ದೂ ಉಳಿದವು. ಅದಕ್ಕೆ ಕಾರಣ ನನ್ನ ವಿದ್ಯೆ ಎಂದು ನಾನು ಹೇಳಿಕೊಂಡರೆ ತಪ್ಪಾಗುತ್ತದೆ. ಬೈಯಬಹುದಾಗಿದ್ದ ಮನುಷ್ಯ ಬೈಯದೆ ಮೊದಲು ಬೇರೆಯವರ ಕುದುರೆಗಳನ್ನು ನೆನೆಸಿಕೊಂಡ. ಸಂಬಂಧವೇ ಇಲ್ಲದ ಹೆಂಗಸೊಬ್ಬಳು ತನ್ನ ಹತ್ತು ಗುಂಟೆಯಲ್ಲಿ ಪಾಲು ಕೊಟ್ಟಳು. ಅವರಿಬ್ಬರಿಗೂ ನಾನು ಋಣಿ. ಬಾಯಿ ತಪ್ಪಿ ಆಡಿದ ಮಾತು ಎಷ್ಟು ದೂರ ನಡೆದು ಹೋಗುತ್ತದೆ ಎಂಬುದನ್ನು ಕಾಲೇಜಿನಲ್ಲಿ ಯಾರೂ ಕಲಿಸುವುದಿಲ್ಲ. ಸಲಹೆ ಹೋದ ದಾರಿಯಲ್ಲೇ, ಅದು ತಟ್ಟಿದ ಪ್ರತಿಯೊಂದು ಬಾಗಿಲಿಗೂ, ತಿದ್ದುಪಡಿಯನ್ನು ನಾವೇ ಹೊತ್ತುಕೊಂಡು ಹೋಗಬೇಕು. ಅದಕ್ಕಿಂತ ಮೊದಲೇ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಬೇಕು.

ನಿವೃತ್ತಳಾಗಿ ಆರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಕೆಂಪರಾಜು ಫೋನ್ ಮಾಡಿದ. ಅವನ ಭಾವಮೈದ ಒಂದು ಜೊತೆ ಕತ್ತೆ ಸಾಕಿದ್ದಾನಂತೆ. ಹೆಣ್ಣು ಕತ್ತೆ ಮರಿ ಹಾಕಿದೆ, ಆ ತಾಯಿಗೆ ಜೋಳದ ನುಚ್ಚು ಎಷ್ಟು ಕೊಡಬಹುದು ಎಂದು ಕೇಳಿದ.

“ನನಗೆ ಗೊತ್ತಿಲ್ಲ ಕೆಂಪರಾಜು” ಎಂದೆ. “ಕತ್ತೆ ವಿಷಯ ನಾನು ಓದಿದ್ದು ಕಡಿಮೆ. ಬೇರೆ ಏನೇನು ತಿನ್ನುತ್ತೆ ಅಂತ ಪೂರ್ತಿ ಬರೆದು ಕಳಿಸು. ನಾನು ಅದನ್ನ ನೋಡಿ, ತಿಳಿದವರನ್ನ ಕೇಳಿ, ನಾಳೆ ಹೇಳ್ತೀನಿ.”

“ಅದುಕ್ಕೇ ಮೇಡಂ” ಎಂದ ಕೆಂಪರಾಜು, “ನಿಮಗೆ ಫೋನ್ ಮಾಡಿದ್ದು.”